ಚೀಟಿಯ ಮೇಲಿನ ಹೆಬ್ಬೆರಳು

"ಎಲ್ಲಿ, ನಿಮ್ಮ ಬಲಗೈ ಹೆಬ್ಬೆರಳು ತೋರಿಸಿ!"

ಗಾಜು ಊದುವವನು ಉರಿ ತಗ್ಗಿಸಿ, ಕಪ್ಪು ಕನ್ನಡಕ ಹಣೆಗೇರಿಸಿ ನೋಡಿದ. ಕಾರ್ಯಾಗಾರದ ಬಾಗಿಲಲ್ಲಿ ಬಿಳಿ ಕೋಟಿನ ಹುಡುಗಿ. ಎರಡೂ ಕೈಗಳಲ್ಲಿ ಅಪ್ಪಿಹಿಡಿದ ಜಾಡಿ. ಅದರ ತುಂಬ ನೇರಳೆ ಹೊಗೆ. ಆ ಹೊಗೆಯ ನಡುವೆ, ಗಾಜಿನ ಬಿರಡೆಗೆ ಕಟ್ಟಿದ ದಾರದಲ್ಲಿ ತೂಗುವ ತಾರೀಖಿನ ಚೀಟಿ.

ಚೀಟಿಯ ಮೇಲೆ ಕಂದು ಬಣ್ಣದ ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ಅದನ್ನು ಅಡ್ಡಲಾಗಿ ಸೀಳಿದಂತೆ ಒಂದು ಗೆರೆ.

ಅವನು ಹೆಬ್ಬೆರಳು ಚಾಚಿದ. ಹಳೆಯ ಸುಟ್ಟ ಗಾಯದ ಗೆರೆ... ಅದೇ!

"ಸಿಕ್ಕಿಬಿದ್ರಿ! ಅಯೋಡಿನ್ ಹೊಗೆ ಬೆರಳಿನ ಜಿಡ್ಡು ಎಲ್ಲಿದ್ರೂ ತೋರಿಸಿಕೊಡುತ್ತೆ. ನಿನ್ನೆ ಕೊಳವೆ ಇಟ್ಟುಹೋಗೋವಾಗ ನನ್ನ ಜಾಡಿಯ ಬಿರಡೆ ಯಾಕೆ ಬದಲಾಯಿಸಿದ್ರಿ? ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಈ ನೇರಳೆ ಮಾಯವಾಗಿರ್ತಿತ್ತು. ಇವತ್ತು ನೋಡಿ, ಹಾಗೇ ಇದೆ! ಶುಕ್ರವಾರ ಸಮಿತಿಯವರು ಬರ್ತಾರೆ. ಇದು ಮಾಯವಾಗೋದನ್ನ ತೋರಿಸದಿದ್ರೆ ನನ್ನ ಸಂಶೋಧನೆ ಅಲ್ಲಿಗೆ ಮುಗೀತು, ಗೊತ್ತಾ?"

ಅಣುಸ್ಥಾವರದ ಇಂಧನದಿಂದ ಹೊರಡುವ ಅಯೋಡಿನ್ ಅನಿಲ ಗಾಳಿಗೆ ಸೇರದಂತೆ ಹಿಡಿದಿಡುವ ಪುಡಿಯೊಂದನ್ನು ಅವಳು ತಯಾರಿಸಿದ್ದಳು. ಲೋಹದ ಕಣಗಳನ್ನು ಇಂಗಾಲದ ಕೊಂಡಿಗಳಿಂದ ಹೆಣೆದ, ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಗಳ ಪುಡಿ. ಅನಿಲ ಆ ಕೋಣೆಗಳಿಗೆ ಹೊಕ್ಕರೆ ಅಲ್ಲೇ ಸೆರೆ.

ಸಂಸ್ಥೆಯಲ್ಲಿ ಎಲ್ಲರೂ ಅವನನ್ನು 'ಮೌನಿ' ಎಂದು ಕರೆಯುತ್ತಿದ್ದರು. ಅವನು ಮೇಜಿನ ಡ್ರಾಯರ್‌ನಿಂದ ಒಂದು ರಬ್ಬರ್ ಬಿರಡೆ ತೆಗೆದು ಅವಳ ಮುಂದಿಟ್ಟ.

"ಇದು ನಿಮ್ಮ ಜಾಡಿಯ ಹಳೇ ಬಿರಡೆ. ನಿನ್ನೆ ಕೊಳವೆ ಕೊಡೋಕೆ ಬಂದಾಗ ಇದು ಗಟ್ಟಿಯಾಗಿಬಿಟ್ಟಿತ್ತು. ಗಾಜಿನದ್ದು ಹಾಕಿ ಚೀಟಿ ಮತ್ತೆ ಕಟ್ಟಿದೆ. ಇದನ್ನ ತೂಕ ಮಾಡಿ ನೋಡಿ."

"ಪುಡಿ ಬಿಟ್ಟು ಬಿರಡೆ ತೂಕ ಮಾಡ್ಲಾ? ನಿಮಗೆ ತಲೆ ನೆಟ್ಟಗಿದೆಯಾ?"

ಅವಳು ಬಿರಡೆಯನ್ನು ಕಿತ್ತುಕೊಂಡು ದುಡುದುಡು ಹೊರಟಳು.

ಆದರೆ ತಕ್ಕಡಿಯ ಅಂಕಿ ನೋಡಿ ಅವಳು ಮತ್ತೊಮ್ಮೆ ತೂಗಿದಳು. ಕಲ್ಲಿನಂತೆ ಗಟ್ಟಿಯಾಗಿದ್ದ ಆ ಕಪ್ಪು ಬಿರಡೆ, ಹೊಸದಕ್ಕಿಂತ ಎಷ್ಟೋ ಭಾರವಾಗಿತ್ತು!

ಅಂದರೆ... ಇಷ್ಟು ದಿನ ಅಯೋಡಿನ್ ಕುಡಿದದ್ದು ನನ್ನ ಪುಡಿಯಲ್ಲ. ಈ ಬಿರಡೆ! ನೇರಳೆ ಮಾಯವಾಯಿತೆಂದು ನಾನು ಕುಣಿದದ್ದೇ ಕುಣಿದದ್ದು. ಒಂದು ದಿನವಾದರೂ ಪುಡಿಯನ್ನು ತೂಗಿ ನೋಡಲಿಲ್ಲ...

ಸಂಜೆ ಅಕ್ಕನ ಮುಂದೆ ಕೂತು ಅತ್ತಳು. ಅಕ್ಕ ಸಮಾಧಾನ ಮಾಡಿದಳು, ಆಮೇಲೆ ಕಣ್ಣು ಕಿರಿದಾಗಿಸಿದಳು.

"ಅಲ್ಲ ಕಣೇ, ಪ್ರಯೋಗ ಹಾಳಾಯ್ತು ಅಂತ ಒಂದು ಸಾರಿ ಹೇಳಿದೆ. ಅವನ ಹೆಬ್ಬೆರಳಿನ ವಿಷಯ ಏಳು ಸಾರಿ ಹೇಳಿದೆ!"

"ಹೋಗೇ, ನಿನಗೆ ಎಲ್ಲಾ ತಮಾಷೆ!"

ಮರುದಿನ ಬೆಳಿಗ್ಗೆ ಅವಳು ಮತ್ತೆ ಅದೇ ಬಾಗಿಲಲ್ಲಿ ನಿಂತಿದ್ದಳು. ಈ ಸಲ ತಲೆ ತಗ್ಗಿತ್ತು.

"ತಪ್ಪು ನಂದೇ... ಕ್ಷಮಿಸ್ತೀರಾ? ಆದ್ರೆ ಒಂದು ಅರ್ಥ ಆಗ್ತಿಲ್ಲ. ಪುಡಿಯ ಕೋಣೆಗಳು ಸರಿಯಾಗೇ ಇವೆ, ಪರೀಕ್ಷೆಯಲ್ಲಿ ನೋಡಿದ್ದೀನಿ. ಮತ್ತೆ ಅನಿಲ ಒಳಗೆ ಯಾಕೆ ಹೋಗ್ತಿಲ್ಲ?"

"ಕೋಣೆ ಖಾಲಿ ಇದ್ಯಾ?"

ಅವಳು ಹಣೆ ಬಡಿದುಕೊಂಡಳು. ಪುಡಿ ತಯಾರಾದ ದ್ರಾವಣ! ಅವಸರದಲ್ಲಿ ಮೇಲಷ್ಟೇ ಒಣಗಿಸಿದ್ದಳು. ಅದು ಇನ್ನೂ ಒಳಗೇ ಬೀಡುಬಿಟ್ಟಿತ್ತು. ತುಂಬಿದ ಮನೆಗೆ ಹೊಸಬರು ಬರುವುದಾದರೂ ಹೇಗೆ?

"ಒಳಗಿನ ಗಾಳಿ ಹೊರಗೆಳೀತಾ ಕಾಯಿಸಬೇಕು. ಅದಕ್ಕೆ ಬೇರೆ ಥರದ ಕೊಳವೆ ಬೇಕು... ಶುಕ್ರವಾರಕ್ಕೆ ಎರಡೇ ದಿನ," ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು.

ಅವನು ಕನ್ನಡಕ ಇಳಿಸಿ ಜ್ವಾಲೆ ಏರಿಸಿದ. ಕೆಂಪಾದ ಗಾಜು ಅವನ ಉಸಿರಿಗೆ ನಿಧಾನವಾಗಿ ಉಬ್ಬಿತು. ಅವಳು ತನ್ನ ಉಸಿರನ್ನೇ ಮರೆತು ನೋಡುತ್ತ ನಿಂತಳು. ಆ ಮೌನದಲ್ಲಿ ಅವಳಿಗೆ ಒಂದಿಷ್ಟೂ ಒಂಟಿತನ ಅನ್ನಿಸಲಿಲ್ಲ.

ಶುಕ್ರವಾರ.

ಹೊಸ ಕೊಳವೆಯಲ್ಲಿ ಕಾಯಿಸಿ ಒಣಗಿಸಿದ ಪುಡಿಯನ್ನು ಹೊಸ ಜಾಡಿಗೆ ಹಾಕಿದ್ದರು. ಅದರ ಗಾಜಿನ ಬಿರಡೆಗೆ ಚೀಟಿ ಕಟ್ಟುವಾಗ ಅವಳು ಹಿಡಿದುಕೊಂಡಳು, ಅವನು ಗಂಟು ಹಾಕಿದ. ಸಮಿತಿಯವರು ಸುತ್ತ ಕೂತರು. ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟ ಜಾಡಿಯೊಳಗೆ ನೇರಳೆ ಹೊಗೆ ಎದ್ದಿತು. ಚೀಟಿಯ ಮೇಲೆ ಎರಡು ಹೆಬ್ಬೆರಳು ಅಕ್ಕಪಕ್ಕ ಮೂಡಿದವು.

"ಯಾರದಮ್ಮಾ ಇವು?" ಹಿರಿಯ ಸದಸ್ಯೆ ಕನ್ನಡಕ ಸರಿಪಡಿಸಿಕೊಂಡರು.

"ಚಿಕ್ಕದು ನಂದು, ಮೇಡಂ. ದೊಡ್ಡದು... ನಮ್ಮ ಗಾಜಿನವರದು."

"'ನಮ್ಮ' ಗಾಜಿನವರು!" ಮೇಡಂ ಮೀಸೆಯಿಲ್ಲದೆಯೇ ಮೀಸೆಯಡಿ ನಕ್ಕರು.

ನೇರಳೆ ತೆಳುವಾಯಿತು... ಇನ್ನೂ ತೆಳುವಾಯಿತು... ಇಲ್ಲವಾಯಿತು! ಬಿಳಿ ಪುಡಿ ಕಾಫಿ ಬಣ್ಣಕ್ಕೆ ತಿರುಗಿತ್ತು. ಅವಳು ಮೊದಲು ಬಿರಡೆಯನ್ನು ತೂಗಿದಳು. ಕೂದಲೆಳೆಯಷ್ಟೂ ಹೆಚ್ಚಿಲ್ಲ! ಆಮೇಲೆ ಪುಡಿಯನ್ನು ತೂಗಿದಳು. ಅಂಕಿ ಏರುತ್ತಲೇ ಹೋಯಿತು!

"ಇನ್ನೊಂದು ವರ್ಷ ಮುಂದುವರಿಸಿ," ಎಂದರು ಮೇಡಂ.

ಅವಳು ಕಾರ್ಯಾಗಾರಕ್ಕೆ ಓಡಿದಳು.

"ಆಯ್ತು! ಆಯ್ತು ಕಣ್ರೀ!"

ಅವನು ಮೊದಲ ಸಲ ಬಾಯ್ತುಂಬ ನಕ್ಕ. ಅವನು ಸರಕ್ಕನೆ ಮುಚ್ಚಲು ಹೋದ ಡ್ರಾಯರ್‌ನೊಳಗೆ ಅವಳ ಕಣ್ಣು ಬಿತ್ತು. ಅಲ್ಲಿ ಅವಳದೇ ಕೈಬರಹ! ಮೂರು ತಿಂಗಳಿಂದ ಕಾರ್ಯಾಗಾರದ ಕಿಟಕಿಯಲ್ಲಿ ಹಾಕಿದ್ದ ಗಾಜಿನ ಬೇಡಿಕೆ ಚೀಟಿಗಳು, ಒಂದೂ ಬಿಡದಂತೆ.

"ಇವನ್ನೆಲ್ಲ ಯಾಕೆ ಇಟ್ಟುಕೊಂಡಿದ್ದೀರಿ?"

"ಎಲ್ಲರೂ ಅಳತೆ ಬರೆದು ಕಳಿಸ್ತಾರೆ. ನೀವೊಬ್ಬರೇ ಕೆಳಗೆ 'ಕೈ ಸುಟ್ಕೋಬೇಡಿ' ಅಂತ ಬರೀತಿದ್ರಿ." ಅವನು ಚೀಟಿಗಳನ್ನು ಒಟ್ಟುಮಾಡಿದ. "ಯಾರು ಅಂತ ನೋಡೋಕೇ ಅವತ್ತು ಕೊಳವೆ ಹಿಡ್ಕೊಂಡು ನಾನೇ ಬಂದೆ. ನೀವಿರಲಿಲ್ಲ. ಬಿರಡೆ ಇತ್ತು... ನಿಮ್ಮನ್ನ ಇಷ್ಟಪಡ್ತೀನಿ ಅಂತ ಹೇಳೋಕೆ ಇದಕ್ಕಿಂತ ಚೆನ್ನಾಗಿ ಬರಲ್ಲ ನನಗೆ."

ಅವಳ ಕಣ್ಣು ತುಂಬಿತು, ನಗುವೂ ಬಂತು.

"ಚೀಟಿ ಮೇಲಿದ್ದ ನಮ್ಮ ಹೆಬ್ಬೆರಳು ಅಳಿಸಿಹೋಯ್ತು, ಗೊತ್ತಾ? ಪುಡಿ ಅದರಲ್ಲಿದ್ದ ಅಯೋಡಿನ್ನನ್ನೂ ಬಿಡಲಿಲ್ಲ."

"ಮತ್ತೆ ಒತ್ತಿದ್ರಾಯ್ತು. ಚೀಟಿ ಕೊಡಿ."

"ಚೀಟಿ ಯಾಕೆ?"

ಅವಳು ಅವನ ಗಾಯದ ಗೆರೆಯ ಮೇಲೆ ತನ್ನ ಹೆಬ್ಬೆರಳನ್ನು ಮೆಲ್ಲಗೆ ಒತ್ತಿದಳು.

"ಎಷ್ಟು ಹೊತ್ತು ಹೀಗೆ?" ಅವನು ಪಿಸುಗುಟ್ಟಿದ.

"ಶ್... ಮೌನಿಗಳು ಮಾತಾಡಬಾರದು."