ವಡೆಯ ಬಟನ್

ಇಡ್ಲಿ, ವಡೆ, ದೋಸೆ ಮೂರೂ ಬಟನ್ ಒಟ್ಟಿಗೆ ಒತ್ತಿದರೆ, ಯಾರೂ ಕೇಳದ ಕಾಫಿಯೂ ಲ್ಯಾಪ್‌ಟಾಪ್ ಪರದೆಯ ಮೇಲೆ ಬಂದು ಕೂರುತ್ತಿತ್ತು.

"ಇದೆಂತದು ಮಾರಾಯ್ರೆ, ಕರೆಯದೆ ಬರುವ ನೆಂಟ?" ಎಂದು ದೀಕ್ಷಿತಾ ನಕ್ಕಿದ್ದಳು.

"ಕರೆಂಟು ಹಿಂಬಾಗಿಲಿಂದ ನುಗ್ತಿದೆ ಕಣ್ರೀ. ಪ್ರತಿ ಬಟನ್‌ಗೂ ಒಂದು ಡಯೋಡ್ ಹಾಕಿ. ಅದರ ಕಪ್ಪು ಪಟ್ಟಿ ಎತ್ತ ಇರುತ್ತೋ ಅತ್ತ ಮಾತ್ರ ಹರಿಯುತ್ತೆ," ಎಂದಿದ್ದ ಮಧುಕರ್.

ಅದು ಹೋದ ಶನಿವಾರದ ಮಾತು. ಹತ್ತಿರದ ಮಗರಪಟ್ಟಾ ಬಡಾವಣೆಯ ಐಟಿ ಆಫೀಸಿನಲ್ಲಿ ದುಡಿಯುವ ಈ ಮಂಡ್ಯದ ಹುಡುಗನಿಗೆ ಮನೆಯಲ್ಲಿ ಕೀಬೋರ್ಡ್ ಕಟ್ಟುವ ಹುಚ್ಚು. ದೀಕ್ಷಿತಾಳ ಅಪ್ಪ ಲೋಕನಾಥ ಶೆಟ್ಟರ ಹೋಟೆಲಿಗೆ ತಿಂಡಿಗೆ ಬರುತ್ತಿದ್ದವನು, ಆರ್ಡರ್ ಕೂಗಿ ಕೂಗಿ ಅವಳ ಗಂಟಲು ಕಟ್ಟಿದ್ದನ್ನು ನೋಡಿ, "ಅಡುಗೆಮನೆಗೆ ಆರ್ಡರ್ ಕಳಿಸೋ ಕೀಬೋರ್ಡ್ ನೀವೇ ಮಾಡ್ಕೋಬಹುದು, ಕಲಿಸ್ತೀನಿ" ಎಂದಿದ್ದ. ಅಂಥದ್ದು ಅಂಗಡಿಯಲ್ಲೇ ಸಿಗುತ್ತದೆಂಬುದನ್ನು ಇಬ್ಬರೂ ಜಾಣತನದಿಂದ ಮರೆತಿದ್ದರು.

ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ, ಊಟದವರು ಎದ್ದು ಹೋದ ಮೇಲೆ, ಮೂಲೆಯ ಟೇಬಲಿನಲ್ಲಿ ತಂತಿ ಚುಚ್ಚುವ ಬ್ರೆಡ್‌ಬೋರ್ಡ್ ಹರಡಿಕೊಂಡು ಪಾಠ. ನಾಲ್ಕೂ ಬಟನ್ ಸರಿಯಾಗಿ ಕೆಲಸ ಮಾಡಿದರೆ ಪಾಠ ಮುಗಿಯಿತು. ಆಮೇಲೆ ಅವನು ತಿಂದು ಬಿಲ್ ಕೊಟ್ಟು ಹೋಗುವ ಗಿರಾಕಿ ಅಷ್ಟೆ. ಅದನ್ನು ನೆನೆದಾಗೆಲ್ಲ ದೀಕ್ಷಿತಾಳ ಎದೆ ಭಾರವಾಗುತ್ತಿತ್ತು.

ಹಾಗಾಗಿ ಇವತ್ತು ವಡೆಯ ಡಯೋಡನ್ನು ಬೇಕೆಂದೇ ಉಲ್ಟಾ ಚುಚ್ಚಿದಳು.

ಇಡ್ಲಿ ಬಂತು. ದೋಸೆ ಬಂತು. ಕಾಫಿಯೂ ಬಂತು. ವಡೆ ಮಾತ್ರ ಬರಲಿಲ್ಲ.

ಮಧುಕರ್ ಬೋರ್ಡಿನ ಮೇಲೆ ಬಗ್ಗಿದ. ಅವನ ಕಣ್ಣು ಡಯೋಡಿನ ಮೇಲೆ ನಿಂತಿತು, ಅಲ್ಲಿಂದ ಅವಳ ಬೆರಳಿಗೆ, ಬೆರಳಿಂದ ಮುಖಕ್ಕೆ ಬಂತು. ಅವಳು ಉಪ್ಪಿನ ಡಬ್ಬಿಯನ್ನು ಅದೇ ಮೊದಲ ಸಲ ಕಂಡವಳಂತೆ ನೋಡುತ್ತಾ ಕೂತಳು.

"ಏನಾಗಿದೆಯೋ ಗೊತ್ತಾಗ್ತಿಲ್ಲ," ಎಂದ. "ಮುಂದಿನ ಶನಿವಾರ ನೋಡೋಣ."

ದೀಕ್ಷಿತಾಗೆ ಹೋದ ಜೀವ ಬಂದಂತಾಯಿತು. ಮರುಗಳಿಗೆಯೇ ಅನುಮಾನ ಬಂತು. ಪಟ್ಟಿ ನೋಡಲು ಕಲಿಸಿದವನೇ ಇವನು, ಇವನಿಗೆ ಗೊತ್ತಾಗದೆ ಇರುತ್ತದೆಯೇ?

"ಪಟ್ಟಿ ಉಲ್ಟಾ ಉಂಟು. ನೀವು ನೋಡಿದ್ದೀರಿ."

"ನೋಡ್ದೆ."

"ಮತ್ತೆ ಹೇಳ್ಲಿಲ್ಲ ಎಂತಕ್ಕೆ?"

"ನೀವ್ಯಾಕೆ ಹಾಗೆ ಹಾಕಿದ್ರಿ?"

ಅವಳ ಕಿವಿ ಬಿಸಿಯಾಯಿತು. ಕೌಂಟರಿನಲ್ಲಿ ಅಪ್ಪ ತೂಕಡಿಸುತ್ತಿದ್ದರು. ಡಯೋಡನ್ನು ಕಿತ್ತು, ತಿರುಗಿಸಿ ಚುಚ್ಚಿ, ಬಟನ್ ಒತ್ತಿದಳು. ವಡೆ ಬಂತು.

"ಪಾಠ ಮುಗೀತು," ಎಂದಳು. "ಇನ್ನು ನೆಪ ಇಲ್ಲ. ಬರುವುದಾದ್ರೆ ನನ್ನನ್ನು ನೋಡ್ಲಿಕ್ಕೇ ಬರ್ಬೇಕು."

"ಮೊದಲಿಂದ್ಲೂ ಅದಕ್ಕೇ ಬರ್ತಿದ್ದೆ ದೀಕ್ಷಿತಾ. ಮುಂದಿನ ಶನಿವಾರದ ತನಕ ಕಾಯೋಕಾಗಲ್ಲ ನಂಗೆ. ನಾಳೆ ಬರ್ಲಾ?"

ಅವಳಿಗೆ ಸಂತೋಷ ಉಕ್ಕಿತು. ಆದರೂ ಬಾಯಿಂದ ಹೋಟೆಲಿನವರ ಮಗಳ ಮಾತೇ ಹೊರಟಿತು.

"ನಾಳೆ ಭಾನುವಾರ, ರಶ್ ಉಂಟು. ಕೂರ್ಲಿಕ್ಕೆ ಜಾಗ ಸಿಗ್ಲಿಕ್ಕಿಲ್ಲ."

"ನಿಂತ್ಕೋತೀನಿ."

"ನಿಲ್ಲುವುದು ಬೇಡ," ಎಂದರು ಲೋಕನಾಥ ಶೆಟ್ಟರು, ಕಣ್ಣು ತೆರೆಯದೆಯೇ. "ಕೌಂಟರಿನ ಹತ್ತಿರ ಒಂದು ಸ್ಟೂಲು ಹಾಕಿ ಕೊಡು ಮಗಾ."