ಮುರಿಯದ ಬೀಗ

"ಒಂದು ಕಿಲೋ ಟೊಮೆಟೊಗೆ ಇಷ್ಟು ಹೊತ್ತಾ ಮೇಡಂ? ಇದು ನಿಮ್ಮ ಲ್ಯಾಬ್ ಅಲ್ಲ."

"ಹಾಗಾದ್ರೆ ನೀವೇ ತೂಗಿಕೊಡಿ."

"ಮುಟ್ಟೋ ಹಾಗಿಲ್ವಲ್ಲ," ಅಂದ ಅಂಗಡಿ ನೋಡಿಕೊಳ್ಳುವ ಉದಯ್. ಅವನ ಕಣ್ಣು ತಕ್ಕಡಿಯ ಮೇಲಿರಲಿಲ್ಲ. ಸುಮೇಧಾಳ ಕಿವಿಯ ಹಿಂದಿನ ಮಲ್ಲಿಗೆಯ ಮೇಲಿತ್ತು. ಅವಳು ಬೇಕೆಂದೇ ಇನ್ನೊಂದು ಹಣ್ಣು ತೆಗೆದಿಟ್ಟಳು.

ವೆಸ್ಟ್ ಮಾಂಬಲಂನ ಈ ಓಣಿಯಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ ಅದು. ಮಂಡಿಯಲ್ಲಿ ದಲ್ಲಾಳಿಯ ಬೆರಳು ತಕ್ಕಡಿಯ ಮೇಲೆ ಕೂತು ತೂಕ ತಿಂದದ್ದನ್ನು ಸಹಿಸಲಾರದೆ, ತಾಳವಾಡಿ ಬೆಟ್ಟದ ಮೂವತ್ತು ಕನ್ನಡದ ರೈತರು ಸಹಕಾರ ಸಂಘ ಕಟ್ಟಿ ತೆರೆದ ಅಂಗಡಿ ಇದು. ಇಲ್ಲಿ ಕೊಳ್ಳುವವರೇ ತೂಗಿಕೊಳ್ಳಬೇಕು. ತಿಂಗಳಿಗೊಬ್ಬರು ಬೆಟ್ಟ ಇಳಿದು ಬಂದು ಅಂಗಡಿಯಲ್ಲಿ ನಿಲ್ಲಬೇಕು. ಈ ತಿಂಗಳು ಚಿಕ್ಕತಾಯಮ್ಮನ ಸರದಿ. ಒಳಗೆ ಕೂತು ಅವರೆಕಾಯಿ ಆರಿಸುತ್ತಿದ್ದಳು. ಎಡಗೈಯ ಮೂರು ಬೆರಳು ಮಡಚುತ್ತಿರಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ, ಹಾಡಹಗಲು, ದಲ್ಲಾಳಿಗಳ ಆಳುಗಳು ಸಂಘದ ಗೋದಾಮಿಗೆ ನುಗ್ಗಿ, ಅಡ್ಡ ಬಂದ ಅವಳ ಕೈಯನ್ನು ನೆಲಕ್ಕೊತ್ತಿ ಐದು ಕಿಲೋ ತೂಕದ ಬಟ್ಟಿನಿಂದ ಜಜ್ಜಿದ್ದರು. ಲ್ಯಾಬಿನ ಕೆಲಸದ ಬಿಡುವಿನಲ್ಲಿ ಸಂಘದ ಚರಿತ್ರೆ ಬರೆಯಲು ಒಪ್ಪಿಕೊಂಡ ಸುಮೇಧಾ ಆ ದಿನದ ಫೋಟೋವನ್ನು ಭೂತಗನ್ನಡಿ ಇಟ್ಟು ನೋಡಿದ್ದಳು. ಕೆಲವೇ ಸದಸ್ಯರ ಬಳಿ ಕೀಲಿಕೈಯಿದ್ದ ಗೋದಾಮಿನ ಬಾಗಿಲು ತೆರೆದಿತ್ತು. ಬೀಗ ಮುರಿದಿರಲಿಲ್ಲ.

ಕೇಳಿದಾಗ, ಸಂಘದ ಹಳೆಯ ಸದಸ್ಯ ಜಯಪ್ರಕಾಶರ ಮಗ ಉದಯ್ ಮುಚ್ಚಿಡಲಿಲ್ಲ. "ಕೀಲಿಕೈ ಕೊಟ್ಟಿದ್ದು ನಮ್ಮಪ್ಪ. ಮಂಡಿಯಲ್ಲಿ ಒಂದು ಮಳಿಗೆ ಕೊಡಿಸ್ತೀವಿ ಅಂದಿದ್ರಂತೆ. ಸಾಯೋ ಮುಂಚೆ ಹೇಳಿದರು."

ಅವಳು ಆ ಸಾಲನ್ನು ಬರೆಯಲಿಲ್ಲ.

"ಚರಿತ್ರೆಯ ಪ್ರೂಫ್ ಓದಿದೆ," ಅಂದ ಈಗ, ದನಿ ತಗ್ಗಿಸಿ. "ಬೀಗದ ಮಾತೇ ಇಲ್ಲ."

"ಭಾನುವಾರ ಸಭೇಲಿ ಓದಬೇಕು ಅದನ್ನ. ಗೊತ್ತಾದ್ರೆ ನಿಮ್ಮನ್ನ ಕೆಲಸದಲ್ಲಿ ಇಟ್ಕೋತಾರಾ?"

"ಅದಕ್ಕೆ ಬಿಟ್ರಾ?"

"ಇನ್ಯಾತಕ್ಕೆ?" ಅಂದಳು. ಮುಖ ಬೆಚ್ಚಗಾಯಿತು.

ಅವನು ಉತ್ತರಿಸುವ ಮೊದಲೇ ಗಾಜು ಒಡೆಯಿತು.

"ಕಡೈಯ ಮೂಡುಡಾ!" ಎಂದು ತಮಿಳಿನಲ್ಲಿ ಕಿರುಚುತ್ತ ಮೂವರು ಒಳನುಗ್ಗಿದರು. ಅಂಗಡಿ ಮುಚ್ಚಿಸಲು ವಾರದಿಂದ ಫೋನಿನಲ್ಲಿ ಬೆದರಿಸುತ್ತಿದ್ದವರು ಇವರೇ. ಕ್ರೇಟುಗಳು ಉರುಳಿದವು. ಒಬ್ಬ ಟೊಮೆಟೊ ತುಳಿಯುತ್ತಲೇ ಹೋಗಿ ಚಿಕ್ಕತಾಯಮ್ಮನ ಜುಟ್ಟು ಹಿಡಿದೆಳೆದ. ಉದಯ್ ಹಾರಿ ನಡುವೆ ಬಿದ್ದ. ಕಬ್ಬಿಣದ ರಾಡು ಅವನ ಭುಜಕ್ಕೆ ಬಿತ್ತು, ಆಮೇಲೆ ಹುಬ್ಬಿಗೆ. ರಕ್ತ ಅವರೆಕಾಯಿಯ ಮೇಲೆ ಸಿಡಿಯಿತು. ಅವನು ಮೊಣಕಾಲೂರಿದ; ಆದರೂ ಮುದುಕಿಯನ್ನು ಮರೆಮಾಡಿದ ಬೆನ್ನು ಅಲುಗಲಿಲ್ಲ. ರಾಡು ಮತ್ತೆ ಮೇಲೆದ್ದಿತು.

ಸುಮೇಧಾಳಿಗೆ ಯೋಚಿಸಿದ ನೆನಪಿಲ್ಲ. ತಕ್ಕಡಿಯ ಎರಡು ಕಿಲೋ ಬಟ್ಟು ಕೈಯಲ್ಲಿತ್ತು. ಬೀಸಿದಳು. ಆ ಗಂಡಸಿನ ಮಂಡಿಚಿಪ್ಪು ಒಡೆದ ಸದ್ದು ಅವಳ ಹಲ್ಲಿನವರೆಗೂ ಬಂತು. ಅವನು ಊಳಿಟ್ಟ. ಅವಳು ಮತ್ತೆ ಬಟ್ಟು ಎತ್ತಿದಳು. ಇನ್ನೂ ಹೊಡೆಯಬೇಕೆಂಬ ತನ್ನ ಆಸೆ ಕಂಡು ತಾನೇ ಬೆಚ್ಚಿದಳು. ಅಷ್ಟರಲ್ಲಿ ಓಣಿಯ ಜನ ಕೂಗುತ್ತ ಓಡಿಬಂದರು. ಇಬ್ಬರು ಮೂರನೆಯವನನ್ನು ಎಳೆದುಕೊಂಡು ಪರಾರಿಯಾದರು.

ಯಾರೋ ಆಟೋ ತರಲು ಓಡಿದರು. ಸುಮೇಧಾ ದುಪಟ್ಟಾ ಮಡಿಸಿ ಉದಯನ ಹುಬ್ಬಿಗೆ ಒತ್ತಿ ಹಿಡಿದಳು. ಅವನ ರೆಪ್ಪೆ ಅವಳ ಅಂಗೈಗೆ ತಾಗುತ್ತಿತ್ತು.

"ಅವ್ವಾ," ಅಂದ ಅವನು, ಚಿಕ್ಕತಾಯಮ್ಮನ ಕಡೆ ತಿರುಗಿ. "ಆವತ್ತು ಗೋದಾಮಿನ ಕೀಲಿಕೈ ಕೊಟ್ಟಿದ್ದು ನಮ್ಮಪ್ಪ."

ಮುದುಕಿ ಎದ್ದು ಬಂದಳು. ಬಲಗೈಯಿಂದ ಅವನ ಕೆನ್ನೆಗೆ ಬಾರಿಸಿದಳು. ದುಪಟ್ಟಾ ಕಳಚಿ ರಕ್ತ ಮತ್ತೆ ಹರಿಯಿತು.

"ಇದು ನಿಮ್ಮಪ್ಪಂದು. ನನ್ ತಟ್ಟೇಲಿ ಉಂಡಂವ." ಅಲ್ಲೇ ಕೂತಳು. "ಆವತ್ತು ನನ್ ಕೀಲಿಕೈನೂ ಕಳೆದೋಗಿತ್ತು ಕಣ್ಲಾ. ನಾನೇ ಬೀಳಿಸ್ಕಂಡು ಅವರ ಕೈಗೆ ಸಿಕ್ತು ಅಂತ... ಇಷ್ಟು ವರ್ಸವೂ ನಾನೇ ಮಾಡ್ಬುಟ್ಟೆ ಅಂದ್ಕಂಡಿದ್ದೆ. ಗಂಡನಿಗೂ ಹೇಳ್ನಿಲ್ಲ."

ಸುಮೇಧಾ ದುಪಟ್ಟಾ ಎತ್ತಿ ಉದಯನ ಕೈಗೆ ಕೊಟ್ಟಳು. ಪ್ರೀತಿಯಿಂದ ತಾನು ಬಿಟ್ಟ ಒಂದು ಸಾಲು ಈ ಮುದುಕಿಯ ಎದೆಯ ಮೇಲೆ ಕೂತೇ ಇರುತ್ತಿತ್ತು.

ಪ್ರೂಫಿನ ಹಾಳೆ ಟೊಮೆಟೊ ರಸದಲ್ಲಿ ಬಿದ್ದಿತ್ತು. ಎತ್ತಿಕೊಂಡು, ಅಂಚಿನಲ್ಲಿ ಬರೆದಳು.

"ಓದು," ಅಂದಳು ಅಕ್ಷರ ಬಾರದ ಚಿಕ್ಕತಾಯಮ್ಮ.

"'ಬೀಗ ಮುರಿದಿರಲಿಲ್ಲ. ಸದಸ್ಯರಾದ ಜಯಪ್ರಕಾಶ್ ಕೀಲಿಕೈ ಕೊಟ್ಟಿದ್ದರು. ಚಿಕ್ಕತಾಯಮ್ಮನವರ ತಪ್ಪಿಲ್ಲ.'"

"ಇನ್ನೊಂದ್ಸಾರಿ."

ಓದಿದಳು. ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹೊರಗೆ ಆಟೋ ಬಂದು ನಿಂತಿತು. ಉದಯ್ ಸುಮೇಧಾಳ ತೋಳು ಹಿಡಿದು ಎದ್ದ.

"ಭಾನುವಾರ ನನ್ನ ತೆಗೆದುಹಾಕ್ತಾರೆ, ಸುಮೇಧಾ." ಮೇಡಂ ಅನ್ನಲಿಲ್ಲ. "ಆಮೇಲೂ..."

"ಆಮೇಲೂ," ಅಂದಳು ಅವಳು, ಅವನ ಭಾರವನ್ನೆಲ್ಲ ತನ್ನ ಹೆಗಲಿಗೆ ತೆಗೆದುಕೊಳ್ಳುತ್ತ.