ಅಕ್ಕ ಹಿಡಿದಿಟ್ಟ ಜಾಗ

"ನಮ್ಮ ಅಕ್ಕನ್ನ ನೀವು ಎಲ್ಲಿ ನೋಡಿದ್ರಿ?"

ಜಹೀರಾಬಾದಿನ ಬಾಡಿಗೆ ಕೋಣೆಯಲ್ಲಿ ಕುಂಚ ತೊಳೆಯುತ್ತಿದ್ದ ಶಿವರಾಯ ತಲೆ ಎತ್ತಿದ. ಬಾಗಿಲಲ್ಲಿ ಒಬ್ಬ ಯುವತಿ ನಿಂತಿದ್ದಳು, ಕೈಯಲ್ಲಿ ಮಾಸಪತ್ರಿಕೆಯ ಮೂರು ಸಂಚಿಕೆ. ಅವಳ ಸೋದರತ್ತೆ ಮೋನಮ್ಮ ಹೊರಗೆ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು.

"ಯಾವ ಅಕ್ಕರಿ?"

"ಗೊತ್ತಿಲ್ದಂಗ ಮಾಡಬ್ಯಾಡ್ರಿ." ಅವಳ ಕಣ್ಣಲ್ಲಿ ಸಿಟ್ಟಿತ್ತು. ಶಿವರಾಯನಿಗೋ, ಆ ಕಣ್ಣಿನಷ್ಟು ಕಪ್ಪು ಬರಬೇಕಾದರೆ ಮಸಿಗೆ ಏನು ಬೆರೆಸಬೇಕು ಎಂಬ ಯೋಚನೆ.

ಅವನು ಕಲಬುರಗಿಯ ಪತ್ರಿಕೆಯೊಂದಕ್ಕೆ ಚಿತ್ರ ಬರೆಯುತ್ತಿದ್ದ. ಅದರಲ್ಲಿ 'ಈ ತಿಂಗಳ ಮೆಚ್ಚಿಗೆ' ಎಂಬ ಒಂದು ಪುಟ ಪೂರ್ತಿ ಅವನದೇ. ತಾನು ಕಂಡು ಕೇಳಿ ಖುಷಿಪಟ್ಟದ್ದನ್ನೆಲ್ಲ ಅಲ್ಲಿ ಚಿತ್ರವಾಗಿ ಬರೆದು, ಕೆಳಗೆ ನಾಲ್ಕು ಸಾಲು ಗೀಚುತ್ತಿದ್ದ. ಜಹೀರಾಬಾದಿಗೆ ಬಂದ ಬಯಸ್ಕೋಪಿನ ಟೆಂಟು, ತಾಂಡೂರಿನ ಅಂಗಡಿ ಮುಂದೆ ಹಾಡಿದ ಗ್ರಾಮಫೋನು, ನಾರಾಯಣಖೇಡದ ತೊಗಲುಗೊಂಬೆ ಆಟ.

ಅವಳು ಮೂರೂ ಪುಟಗಳನ್ನು ಬಿಡಿಸಿ ಇಟ್ಟಳು. ಮೂರರಲ್ಲೂ ಹೆಂಗಸರ ಸಾಲಿನ ತುದಿಯಲ್ಲಿ ಅದೇ ಮುಖ. ಹಣೆಯಲ್ಲಿ ವಿಭೂತಿ, ಎಡಹುಬ್ಬಿನ ಮೇಲೆ ಸಣ್ಣ ಗಾಯದ ಗುರುತು.

"ಇಕಿ ಎಲ್ಲಾ ಆಟಕ್ಕೂ ಬರ್ತಾಳ್ರಿ. ಕಂಡಿದ್ದು ಬರದೀನಿ. ತಪ್ಪಾತೇನು?"

"ಅಕ್ಕ ಸತ್ತು ಮೂರು ವರ್ಷ ಆತು."

ಶಿವರಾಯನ ಕೈಯ ಕುಂಚ ನೀರಿನೊಳಗೇ ನಿಂತಿತು.

ಬಂದವಳು ಪಾರ್ವತಿಬಾಯಿ, ಕೊಹೀರಿನ ತೊಗರಿ ವ್ಯಾಪಾರಿ ವೀರಪ್ಪನ ಕಿರಿಮಗಳು. ಹಿರಿಯವಳು ಕಾಂತಾಬಾಯಿ. ಊರಿಗೆ ಮೊದಲ ಸಲ ಬಯಸ್ಕೋಪ್ ಬಂದಾಗ ಇಬ್ಬರೂ ಕದ್ದು ಹೋಗಬೇಕೆಂದು ಅಕ್ಕ ಗೊತ್ತುಮಾಡಿದ್ದಳು.

"ನನಗ ಹೆದರಿಕಿ ಆತು. ಹೋಗಿ ಅಪ್ಪಗ ಹೇಳಿಬಿಟ್ಟೆ. ಅಕ್ಕನ್ನ ಒಳಗ ಹಾಕಿ ಅಗಳಿ ಹಾಕಿದ್ರು. ಅದೇ ವಾರ ಜ್ವರ ಬಂತು. ಆಟ ನೋಡಲಿಲ್ಲರಿ ಅಕಿ. ಒಂದೂ ನೋಡಲಿಲ್ಲ." ಅವಳು ಚಿತ್ರದ ಮೇಲೆ ಬೆರಳಿಟ್ಟಳು. "ಅಕ್ಕನ ಬಾಜೂ ಜಾಗ ಯಾಕ ಖಾಲಿ ಬಿಟ್ಟೀರಿ?"

"ನಾ ಬಿಟ್ಟಿಲ್ಲ. ಅಕಿನೇ ಸೆರಗು ಹಾಸಿ ಹಿಡಿದಿಟ್ಟಿರ್ತಾಳ. ಯಾರನ್ನೂ ಕೂಡಗೊಡಂಗಿಲ್ಲ."

ಪಾರ್ವತಿ ಮೂರೂ ಸಂಚಿಕೆ ಮಡಿಸಿಕೊಂಡಳು. ಹೋಗುವಾಗ ಕೇಳಿದಳು: "ಟೆಂಟು ಮತ್ತ ಯಾವಾಗ ಬರ್ತದ?"

ಬರಲು ಒಂದು ತಿಂಗಳಿತ್ತು. ಆ ತಿಂಗಳು ಸಂತೆಯ ದಿನ ತಪ್ಪದೆ ಅತ್ತೆ ಕಟ್ಟೆಗೆ ಬಂದಳು, ಪಾರ್ವತಿ ಬಾಗಿಲಿಗೆ ಬಂದಳು. ತಾನು ಕೇಳಿದ ಹೊಸ ಹಾಡು, ಹೈದರಾಬಾದಿನಲ್ಲಿ ನೋಡಿ ಬಂದ ಟಾಕಿ ಎಂಬ ಮಾತಾಡುವ ಬಯಸ್ಕೋಪು, ಎಲ್ಲವನ್ನೂ ಶಿವರಾಯ ಗೀಚಿ ತೋರಿಸುತ್ತ ಹೇಳುತ್ತಿದ್ದ. ಅವಳು ಬಾಯಿ ತೆರೆದು ಕೇಳುತ್ತಿದ್ದಳು. ಹೇಳುವುದು ಮುಗಿದರೂ ಅವನ ನೋಟ ಮುಗಿಯುತ್ತಿರಲಿಲ್ಲ.

"ಏನ್ರಿ ಹಂಗ ನೋಡ್ತೀರಿ?"

"ಅಕ್ಕನ್ನ ಗುರುತು ಹಿಡೀಲಿಕ್ಕ ಹೋಲಿಕಿ ಬೇಕಲ್ಲರಿ."

"ಅಕ್ಕಗೂ ನನಗೂ ಏನೂ ಹೋಲಿಕಿ ಇಲ್ಲ. ಸುಳ್ಳು ಹೇಳಾಕ ಬರಂಗಿಲ್ಲ ನಿಮಗ." ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರೂ ಅವಳ ನಗು ಕಣ್ಣಿನಿಂದ ತಪ್ಪಿಸಿಕೊಂಡು ಬಂತು.

ಟೆಂಟು ಬಂದ ದಿನ ಸಂಜೆಯ ಮೊದಲ ಆಟ. ಅತ್ತೆಯೂ ಪಾರ್ವತಿಯೂ ಹೆಂಗಸರ ಕಡೆ ಹೋದರು. ಶಿವರಾಯ ನಡುಗಂಬಕ್ಕೆ ಒರಗಿ ನಿಂತ. ದೀಪ ಆರಿ, ಪರದೆಯ ಮೇಲೆ ಬೆಳಕು ಬಿತ್ತು.

ಸಾಲಿನ ತುದಿಯಲ್ಲಿ ಕಾಂತಾಬಾಯಿ ಕೂತಿದ್ದಳು, ಸೆರಗು ಹಾಸಿಕೊಂಡು.

ಪಾರ್ವತಿಗೆ ಆಕೆ ಕಾಣುತ್ತಿರಲಿಲ್ಲ. ಖಾಲಿ ಜಾಗ ಮಾತ್ರ ಕಂಡಿತು. ನೇರ ಹೋಗಿ ಅಲ್ಲಿ ಕೂತಳು. ಕಾಂತಾಬಾಯಿ ಪರದೆಯಿಂದ ಮುಖ ತಿರುಗಿಸಿದಳು. ಶಿವರಾಯ ನೋಡಿದ ಯಾವ ಆಟದಲ್ಲೂ ಆಕೆ ಹಾಗೆ ತಿರುಗಿರಲಿಲ್ಲ. ಸಾವಕಾಶ ಸೆರಗು ಎತ್ತಿಕೊಂಡು, ತಂಗಿಯ ಮಣಿಕಟ್ಟು ಹಿಡಿದು ಎದ್ದಳು.

ಪಾರ್ವತಿಯೂ ಎದ್ದಳು. ತೆರೆದ ಕಣ್ಣಿನ ರೆಪ್ಪೆ ಬಡಿಯುತ್ತಿರಲಿಲ್ಲ.

"ಎಲ್ಲಿಗವ್ವಾ ಪಾರ್ವತಿ?" ಅತ್ತೆ ಕೇಳಿದಳು. ಪಾರ್ವತಿ ಟೆಂಟಿನ ಹಿಂಬದಿಗೆ ನಡೆಯುತ್ತಿದ್ದಳು. ಅದರಾಚೆ ಕಟ್ಟೆಯಿಲ್ಲದ ಹಾಳು ಬಾವಿ ಇತ್ತು.

ಶಿವರಾಯ ಹೆಂಗಸರ ನಡುವೆ ಹಾಯ್ದು ಓಡಿದ. ಯಾರೋ ಬೈದರು, ಯಾರೋ ಕಿರುಚಿದರು. ಅವನು ಪಾರ್ವತಿಯ ಇನ್ನೊಂದು ಕೈ ಹಿಡಿದ. ಅದು ಕಲ್ಲಿನಷ್ಟು ತಣ್ಣಗಿತ್ತು.

"ಬಿಡ್ರಿ ಕಾಂತಾಬಾಯಿ!" ಅವನು ಆ ಕೈಯನ್ನು ತನ್ನೆಡೆಗೆ ಎಳೆದ. "ಸಣ್ಣಾಕಿ, ಹೆದರಿ ಹೇಳ್ಯಾಳ. ಮೂರು ವರ್ಷ ಅತ್ತಾಳ. ನಿಮ್ಮ ಜೋಡಿ ಆಟ ನೋಡಾಕ ಬಂದಾಳ, ನಿಮ್ಮ ಜೋಡಿ ಹೋಗಾಕ ಅಲ್ಲ. ಅಕಿ ನಂಗ ಬೇಕ್ರಿ. ಅಕಿ ಇಲ್ದ ನಾ ಏನು ನೋಡಿದ್ರೂ, ಏನು ಕೇಳಿದ್ರೂ ಇನ್ನ ಮೆಚ್ಚಿಗಿ ಆಗಂಗಿಲ್ಲ."

ಆಟ ನಿಂತಿತು. ಯಾರೋ ಗ್ಯಾಸಬತ್ತಿ ಎತ್ತಿ ಹಿಡಿದರು. ಒಬ್ಬ ಗಂಡಸು ಹೆಣ್ಣೊಬ್ಬಳ ಕೈ ಹಿಡಿದು ಬರಿ ಗಾಳಿಗೆ ಅಂಗಲಾಚುವುದನ್ನು ಟೆಂಟೆಲ್ಲ ನೋಡಿತು.

ಕಾಂತಾಬಾಯಿ ಅವನನ್ನು ನೋಡಿದಳು, ತಂಗಿಯನ್ನು ನೋಡಿದಳು. ಒಂದೊಂದೇ ಬೆರಳು ಸಡಿಲಿಸಿದಳು. ಆಮೇಲೆ ಬಗ್ಗಿ ಟೆಂಟಿನ ಬಟ್ಟೆಯ ಕೆಳಗಿನಿಂದ ಹೊರಗೆ ಹೋದಳು. ಬಟ್ಟೆ ಅಲುಗಲಿಲ್ಲ.

ಪಾರ್ವತಿ ಬಿಕ್ಕಿದಳು. ಮಣಿಕಟ್ಟಿನ ಮೇಲೆ ನಾಲ್ಕು ನೀಲಿ ಗೆರೆ ಎದ್ದಿದ್ದವು.

"ಏನಂದ್ಲು ಅಕ್ಕ?"

"ಏನೂ ಅನ್ನಲಿಲ್ಲ. ಬಿಟ್ಟು ಹೋದ್ಲು."

ಸುತ್ತ ಪಿಸುಮಾತು ಏಳುತ್ತಿತ್ತು. ಅತ್ತೆ ಮೋನಮ್ಮ ಎದ್ದು ನಿಂತು, "ಇಲ್ಲೇನು ನೋಡ್ತೀರಿ? ಅಲ್ಲಿ ನೋಡ್ರಿ, ರೊಕ್ಕ ಕೊಟ್ಟೀರಿ. ದೀಪ ಆರಸ್ರಿ!" ಎಂದು ಗದರಿದಳು. ಮತ್ತೆ ಕತ್ತಲಾಯಿತು. ಶಿವರಾಯ ಕೈ ಬಿಡಹೋದ. ಪಾರ್ವತಿ ಬಿಡಲಿಲ್ಲ. ಆ ಕೈಗೆ ಈಗ ಸ್ವಲ್ಪ ಸ್ವಲ್ಪವೇ ಬಿಸಿ ಬರುತ್ತಿತ್ತು.

"ನೀವು ಅಂದಿದ್ದೆಲ್ಲಾ ನಂಗ ಕೇಳಿಸ್ತು," ಅವಳು ಪಿಸುಗುಟ್ಟಿದಳು. "ಅಕ್ಕಗ ಹೇಳಿದ್ದಾತು. ನಾಳಿಗಿ ಕೊಹೀರಿಗಿ ಬಂದು ಅಪ್ಪಗ ಹೇಳ್ರಿ. ನಾ ಬಾಜೂನೇ ನಿಂತಿರ್ತೀನಿ. ಈ ಸಲ ಹೆದರಂಗಿಲ್ಲ."